ಗಿರವಿ ಅಂಗಡಿಯಲ್ಲಿ ಬಿಡಿಸಿಕೊಳ್ಳದೆ ಉಳಿದ ಒಡವೆಯನ್ನು ಕೊಳ್ಳುವುದು ಲಾಭವೇ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆ ಮಾಘ ಮಾಸದಲ್ಲಿ ನಿಶ್ಚಯವಾಗಿದೆ. ಒಂದು ಕಾಸಿನ ಸರವನ್ನೂ ಒಂದು ಜೊತೆ ಬಳೆಯನ್ನೂ ಹಾಕಿ ಕಳಿಸಬೇಕೆಂಬುದು ಅಮ್ಮನ ಆಸೆ. ಚಿನ್ನದ ಬೆಲೆ ಈಗ ಯಾವ ಮಟ್ಟಕ್ಕೆ ಏರಿದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಅದರ ಮೇಲೆ ಮಜೂರಿ, ವೇಸ್ಟೇಜು, ತೆರಿಗೆ ಎಲ್ಲವನ್ನೂ ಸೇರಿಸಿ ಅಂಗಡಿಯವರು ಬರೆದುಕೊಟ್ಟ ಚೀಟಿಯನ್ನು ನೋಡಿ ಅಪ್ಪ ಎರಡು ದಿನ ಮಾತೇ ಆಡಲಿಲ್ಲ.

ನಮ್ಮೂರ ಪೇಟೆಯಲ್ಲಿ ಬಹಳ ಕಾಲದಿಂದ ಗಿರವಿ ಅಂಗಡಿ ನಡೆಸುತ್ತಿರುವ ಪರಿಚಯದ ಸೇಠು ಒಬ್ಬರಿದ್ದಾರೆ. ತಮ್ಮಲ್ಲಿ 32 ಗ್ರಾಂ ತೂಕದ ಹಳೆಯ ಕಾಸಿನ ಸರವೊಂದು ಇದೆಯೆಂದೂ, ಇಟ್ಟವರು ಬಿಡಿಸಿಕೊಳ್ಳಲು ಬಂದಿಲ್ಲವೆಂದೂ, ಮಜೂರಿ ಇಲ್ಲದೆ ಅಂದಿನ 22 ಕ್ಯಾರಟ್ ದರಕ್ಕೇ ಕೊಡುವುದಾಗಿಯೂ ಹೇಳುತ್ತಿದ್ದಾರೆ. ಬಿಲ್ಲಿನ ಬಗ್ಗೆ ಕೇಳಿದಾಗ, ಬಿಲ್ಲು ಬೇಕೆಂದರೆ ತೆರಿಗೆ ಸೇರುತ್ತದೆ, ನಗದು ಕೊಟ್ಟರೆ ಇಬ್ಬರಿಗೂ ಅನುಕೂಲ ಎಂದರು. ಇದಲ್ಲದೆ, ಸಾಲ ತೀರಿಸದವರ ಒಡವೆಗಳ ಹರಾಜು ಪ್ರಕಟಣೆಗಳೂ ಪತ್ರಿಕೆಗಳಲ್ಲಿ ಕಾಣುತ್ತಿವೆ. ಇವೆರಡರಲ್ಲಿ ಯಾವುದನ್ನಾದರೂ ನಂಬಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಲೆಕ್ಕದ ಪುಸ್ತಕ

ಮೊದಲು ಲೆಕ್ಕ ನೋಡೋಣ. ಸುಲಭವಾಗಲೆಂದು 22 ಕ್ಯಾರಟ್ ಚಿನ್ನಕ್ಕೆ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳಿ. 32 ಗ್ರಾಂಗೆ 3,20,000 ಆಯಿತು. ಹೊಸ ಒಡವೆಯಾದರೆ ಮಜೂರಿ ಶೇ 12 ಎಂದರೂ 38,400 ಸೇರುತ್ತದೆ. ಕಾಸಿನ ಸರದಂಥ ಕೈಕೆಲಸಕ್ಕೆ ಇನ್ನೂ ಹೆಚ್ಚು ಹೇಳುವವರಿದ್ದಾರೆ. ಆ ಒಟ್ಟು ಮೊತ್ತದ ಮೇಲೆ ಶೇ 3ರಷ್ಟು ಜಿಎಸ್‌ಟಿ ಎಂದರೆ 10,752. ಕೊನೆಗೆ ಕೈಯಿಂದ ಹೋಗುವುದು 3,69,152 ರೂಪಾಯಿ. ಅಂದರೆ ಸೇಠು ಹೇಳುತ್ತಿರುವ ಬೆಲೆಗೂ ಹೊಸದರ ಬೆಲೆಗೂ ಸುಮಾರು 49,000 ರೂಪಾಯಿ ವ್ಯತ್ಯಾಸವಿದೆ. ನಾಳೆ ಮಾರಲು ಹೋದರೆ ಮಜೂರಿಯನ್ನು ಯಾರೂ ಹಿಂದಿರುಗಿಸುವುದಿಲ್ಲವಾದ್ದರಿಂದ, ಹಳೆಯ ಒಡವೆಯಲ್ಲಿ ಉಳಿಯುವ ಹಣ ನಿಜವಾಗಿಯೂ ಉಳಿದ ಹಣವೇ.

ಆದರೆ ಇದೆಲ್ಲವೂ ಆ ಸರ 22 ಕ್ಯಾರಟ್ ಆಗಿದ್ದರೆ ಮಾತ್ರ. ಅದು 20 ಕ್ಯಾರಟ್ ಎಂದು ತೇಲಿದರೆ, ಅದರೊಳಗಿನ ಚಿನ್ನದ ಬೆಲೆ ಸುಮಾರು 2,91,000 ಮಾತ್ರ. ನಿಮ್ಮ ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕರಗಿಹೋಗುತ್ತದೆ.

ತುಂಗೆಯ ತಡಿ

ಪರಿಚಯದವರು ಎಂದ ಮೇಲೆ ಇಷ್ಟೊಂದು ಯೋಚನೆ ಏಕೆ? ನಮ್ಮ ಮನೆಯಲ್ಲಿ ತಾತನ ಕಾಲದಿಂದಲೂ ಇಂಥ ಅಂಗಡಿಗಳಲ್ಲೇ ಒಡವೆ ಕೊಂಡಿದ್ದೇವೆ. ಒಮ್ಮೆಯೂ ತೊಂದರೆಯಾಗಿಲ್ಲ.

ಪತ್ತಾರ ಕೇರಿ

ತುಂಗೆಯ ತಡಿಯವರೇ, ನಾನು ಬಂಗಾರದ ಕೆಲಸ ಮಾಡುವ ಮನೆತನದವನು; ಅಪ್ಪ ಈಗಲೂ ಕುಲುಮೆಯ ಮುಂದೆ ಕೂರುತ್ತಾರೆ. ಪರಿಚಯದವರು ಮೋಸ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಸರದೊಳಗೆ ಎಷ್ಟು ಬಂಗಾರವಿದೆ ಎಂಬುದು ಆ ಸೇಠುವಿಗೂ ಪೂರ್ತಿ ಗೊತ್ತಿರುವುದಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು. ಗಿರವಿ ಇಟ್ಟುಕೊಳ್ಳುವಾಗ ಅವರು ಒರೆಗಲ್ಲಿಗೆ ಒಂದು ಕಡೆ ತಿಕ್ಕಿ, ಆಮ್ಲದ ಹನಿ ಬಿಟ್ಟು, ಗೆರೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಿ ಅಂದಾಜು ಕಟ್ಟುತ್ತಾರೆ. ಅವರು ಕೊಡುವ ಸಾಲ ಒಡವೆಯ ಬೆಲೆಗಿಂತ ಬಹಳ ಕಡಿಮೆ ಇರುವುದರಿಂದ ಆ ಅಂದಾಜು ಸ್ವಲ್ಪ ತಪ್ಪಿದರೂ ಅವರಿಗೆ ನಷ್ಟವಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ನಿಮಗೆ ಹಾಗಲ್ಲ.

ಕಾಸಿನ ಸರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿಯೊಂದು ಕಾಸಿನ ತಲೆಯ ಮೇಲೆ ಒಂದು ಸಣ್ಣ ಕೊಂಡಿಯನ್ನು ಬೆಸೆದಿರುತ್ತಾರೆ. ಕಾಸು ಒಳ್ಳೆಯ ಬಂಗಾರವೇ ಆಗಿರಬಹುದು, ಬೆಸುಗೆ ಹಾಗಿರುವುದಿಲ್ಲ. ಹಿಂದಿನ ಕಾಲದ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಬೆರೆಸುತ್ತಿದ್ದರು, ಏಕೆಂದರೆ ಬೆಸುಗೆ ಒಡವೆಗಿಂತ ಮೊದಲು ಕರಗಬೇಕು. ಹೀಗಾಗಿ ಸರವನ್ನು ಇಡಿಯಾಗಿ ಕರಗಿಸಿದಾಗ ಶುದ್ಧತೆ ಇಳಿಯುತ್ತದೆ. ಈ ಇಳಿತವನ್ನು ತಪ್ಪಿಸುವುದಕ್ಕೇ ಕ್ಯಾಡ್ಮಿಯಂ ಬೆಸುಗೆ ಬಂದದ್ದು. ಅದನ್ನೇ ಜನ ಕೆಡಿಎಂ ಎಂದು ಕರೆದರು. ಅದರ ಹೊಗೆ ಕೆಲಸಗಾರರ ಶ್ವಾಸಕೋಶವನ್ನು ಹಾಳುಮಾಡುತ್ತದೆ ಎಂಬುದು ಗೊತ್ತಾದ ಮೇಲೆ ಅದನ್ನು ಕೈಬಿಡುವಂತಾಯಿತು. ಹಳೆಯ ಸರ ಎಷ್ಟು ಬಾರಿ ರಿಪೇರಿಗೆ ಹೋಗಿದೆಯೋ ಅಷ್ಟು ಬೆಸುಗೆ ಅದರಲ್ಲಿ ಸೇರಿರುತ್ತದೆ. ಸರವನ್ನು ಕೈಗೆ ತೆಗೆದುಕೊಂಡು ಕೊಂಡಿಗಳ ಒಳಮೈಯನ್ನು ನೋಡಿ: ಸವೆದು ತೆಳ್ಳಗಾಗಿದ್ದರೆ, ಪಕ್ಕದಲ್ಲಿ ಬಿಳಿಚಿದ ಅಥವಾ ಕೆಂಪು ಛಾಯೆಯ ಗುಬುಟು ಕಂಡರೆ, ಅದು ರಿಪೇರಿಯ ಗುರುತು.

ಜೋಮಾಲೆ

ಪತ್ತಾರ ಕೇರಿಯವರು ಹೇಳಿದ್ದಕ್ಕೆ ನಮ್ಮ ಕೊಡಗಿನ ಕಡೆಯ ಮಾತೊಂದನ್ನು ಸೇರಿಸುತ್ತೇನೆ. ನಮ್ಮ ಜೋಮಾಲೆ ಎಂಬ ಗುಂಡಿನ ಸರದ ಗುಂಡುಗಳು ಒಳಗೆ ಟೊಳ್ಳು. ತೆಳುವಾದ ಚಿನ್ನದ ತಗಡಿನೊಳಗೆ ಅರಗು ತುಂಬಿರುತ್ತಾರೆ. ತಕ್ಕಡಿಗೆ ಹಾಕಿದರೆ ಬರುವ ತೂಕದಲ್ಲಿ ಅರಗಿನದೂ ದಾರದ್ದೂ ಸೇರಿರುತ್ತದೆ. ಬೋರಮಾಳವೇ ಇರಲಿ, ಅರಗು ತುಂಬಿದ ಬಳೆಯೇ ಇರಲಿ, ಇದೇ ಮಾತು ಅನ್ವಯಿಸುತ್ತದೆ. ಇಂಥ ಒಡವೆಯನ್ನು ತೂಕದ ಲೆಕ್ಕದಲ್ಲಿ ಕೊಂಡರೆ ಅರಗಿಗೂ ಚಿನ್ನದ ಬೆಲೆಯನ್ನೇ ಕೊಟ್ಟಂತಾಗುತ್ತದೆ. ನೀವು ಕೇಳಿದ ಬಳೆ ಗಟ್ಟಿಯದೋ ಟೊಳ್ಳೋ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಮಲ್ಲಿಗೆ ಹಂಬು

ನನಗೆ ಲೆಕ್ಕಕ್ಕಿಂತ ಬೇರೆಯೇ ಒಂದು ಸಂಕಟವಿದೆ. ಯಾವುದೋ ಮನೆಯ ಹೆಣ್ಣುಮಗಳು ಕಷ್ಟಕ್ಕೆ ಸಿಕ್ಕಿ ಅಡವಿಟ್ಟು, ಬಿಡಿಸಿಕೊಳ್ಳಲಾರದೆ ಕಣ್ಣೀರು ಹಾಕಿದ ಒಡವೆಯನ್ನು ಮದುವೆಯ ಹೆಣ್ಣಿನ ಕೊರಳಿಗೆ ಹಾಕುವುದು ನನಗೆ ಸರಿಯೆನಿಸುವುದಿಲ್ಲ. ನಮ್ಮ ಅಜ್ಜಿ ಇದಕ್ಕೆ ಖಂಡಿತ ಒಪ್ಪುತ್ತಿರಲಿಲ್ಲ.

ಲೆಕ್ಕದ ಪುಸ್ತಕ

ಮಲ್ಲಿಗೆ ಹಂಬು ಅವರೇ, ನಿಮ್ಮ ಭಾವನೆಯನ್ನು ಗೌರವಿಸುತ್ತೇನೆ. ಆದರೆ ಹೊಸ ಒಡವೆಯ ಚಿನ್ನ ಎಲ್ಲಿಂದ ಬರುತ್ತದೆ? ಜನರಿಂದ ಕೊಂಡ ಹಳೆಯ ಒಡವೆಗಳೂ ಹರಾಜಿನ ಒಡವೆಗಳೂ ಕರಗಿ ಗಟ್ಟಿಯಾಗಿ, ಮತ್ತೆ ಅಂಗಡಿಯ ಗಾಜಿನ ಪೆಟ್ಟಿಗೆಗೇ ಬರುತ್ತವೆ. ಆಕಾರ ಬದಲಾದ ಮಾತ್ರಕ್ಕೆ ಅದರ ಹಿಂದಿನ ಕಷ್ಟ ಅಳಿಸಿಹೋಗುವುದಿಲ್ಲ.

ಮಲ್ಲಿಗೆ ಹಂಬು

ಕರಗಿಸಿದ್ದನ್ನು ಕೊಳ್ಳುವುದಕ್ಕೂ, ಇನ್ನೊಬ್ಬರ ಸರವನ್ನು ಹಾಗೆಯೇ ಹಾಕಿಕೊಂಡು ಅವರ ಊರಿನ ಜಾತ್ರೆಯಲ್ಲೇ ಓಡಾಡುವುದಕ್ಕೂ ವ್ಯತ್ಯಾಸವಿದೆ. ಸಣ್ಣ ಊರಿನಲ್ಲಿ ಯಾರ ಸರ ಯಾರದು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಎರೆಹೊಲ

ಒಡವೆ ಇಟ್ಟವರ ಕಡೆಯಿಂದ ನಾನು ಎರಡು ಮಾತು ಹೇಳುತ್ತೇನೆ, ಏಕೆಂದರೆ ಇಲ್ಲಿಯವರೆಗೆ ಮಾತನಾಡಿದವರೆಲ್ಲ ಕೊಳ್ಳುವವರ ಕಡೆಯವರೇ. ನಮ್ಮದು ಮಳೆಯನ್ನು ನಂಬಿದ ಬೇಸಾಯ. ಮುಂಗಾರಿಗೆ ಬೀಜ, ಗೊಬ್ಬರ. ಅದೇ ಹೊತ್ತಿಗೆ ಮಕ್ಕಳ ಶಾಲೆಯ ಶುಲ್ಕ. ಆಗ ಒಡವೆ ಗಿರವಿಗೆ ಹೋಗುತ್ತದೆ, ಸುಗ್ಗಿ ಕೈಗೆ ಬಂದರೆ ಮನೆಗೆ ಹಿಂದಿರುಗುತ್ತದೆ. ಮಳೆ ಕೈಕೊಟ್ಟ ವರ್ಷ ಅದು ಬರುವುದಿಲ್ಲ. ನಮ್ಮ ತಾಯಿಯ ಬೋರಮಾಳ ಹೀಗೆಯೇ ಹೋಯಿತು. ಸಾಲ ಕೊಟ್ಟ ಸಂಸ್ಥೆಯ ನೋಟಿಸು ನಮ್ಮ ಕೈಸೇರುವ ಹೊತ್ತಿಗೆ ಹರಾಜು ಮುಗಿದಿತ್ತು. ಅಸಲು ಮತ್ತು ಬಡ್ಡಿ ಸೇರಿದರೂ ಒಡವೆಯ ಬೆಲೆ ಅದಕ್ಕಿಂತ ಬಹಳ ಹೆಚ್ಚಿತ್ತು. ಆ ಹೆಚ್ಚುವರಿ ಹಣಕ್ಕಾಗಿ ನಮ್ಮ ತಂದೆ ಎಷ್ಟೋ ಸಲ ಅಲೆದ ಮೇಲೆ ಒಂದಿಷ್ಟು ಕೊಟ್ಟರು.

ಆದ್ದರಿಂದ ನಾನು ಕೊಳ್ಳಬೇಡಿ ಎಂದು ಹೇಳುವುದಿಲ್ಲ. ಬಹಿರಂಗ ಹರಾಜಿನಲ್ಲಿ ಕೊಳ್ಳಿ, ಬೆಲೆ ಏರಿಸಿ ಕೂಗಿ ಎನ್ನುತ್ತೇನೆ. ನೀವು ಹೆಚ್ಚಿಗೆ ಕೂಗಿದ ಪ್ರತಿಯೊಂದು ರೂಪಾಯಿಯೂ, ಸಾಲ ಕಳೆದು, ಒಡವೆ ಕಳೆದುಕೊಂಡವರಿಗೆ ಸೇರಬೇಕಾದ ಹಣ. ಅಂಗಡಿಯ ಹಿಂಬಾಗಿಲಲ್ಲಿ ಬಿಲ್ಲಿಲ್ಲದೆ ಕೈಬದಲಾಯಿಸುವ ಸರದಲ್ಲಿ ಇಟ್ಟವರಿಗೆ ಒಂದು ಪೈಸೆಯೂ ಹೋಗುವುದಿಲ್ಲ.

ತುಂಗೆಯ ತಡಿ

ಎರೆಹೊಲ ಅವರೇ, ನಿಮ್ಮ ಮನೆಯ ವಿಷಯ ಕೇಳಿ ಬೇಸರವಾಯಿತು. ಆದರೆ ಗಿರವಿ ಅಂಗಡಿಗೂ ರಿಸರ್ವ್ ಬ್ಯಾಂಕಿನ ನಿಯಮಗಳಿವೆಯಲ್ಲವೇ? ಹೆಚ್ಚುವರಿ ಹಣವನ್ನು ಇಟ್ಟವರಿಗೆ ಹಿಂದಿರುಗಿಸಲೇಬೇಕು ಎಂದು ಪತ್ರಿಕೆಯಲ್ಲಿ ಓದಿದ ನೆನಪು.

ಕಪ್ಪು ಕೋಟು

ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಬೆರೆತುಹೋಗುತ್ತಿವೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಚಿನ್ನ ಮತ್ತು ಬೆಳ್ಳಿ ಸಾಲದ ನಿರ್ದೇಶನಗಳು ಬ್ಯಾಂಕುಗಳಿಗೆ, ಹಣಕಾಸು ಕಂಪನಿಗಳಿಗೆ ಮತ್ತು ಅದರ ನಿಯಂತ್ರಣದಲ್ಲಿರುವ ಇತರ ಸಂಸ್ಥೆಗಳಿಗೆ ಅನ್ವಯಿಸುತ್ತವೆ. ಪೇಟೆಯ ಗಿರವಿ ಅಂಗಡಿಗೆ ಅಲ್ಲ. ಅಂಗಡಿಯವರು ಕರ್ನಾಟಕ ಗಿರವಿದಾರರ ಕಾಯ್ದೆ, 1961ರ ಅಡಿಯಲ್ಲಿ ಬರುತ್ತಾರೆ. ಅವರಿಗೆ ಪರವಾನಗಿ ಕೊಡುವುದು ಸಹಕಾರ ಇಲಾಖೆ. ಒಡವೆ ಇಟ್ಟವರಿಗೆ ಚೀಟಿ ಕೊಡುವುದು, ಪುಸ್ತಕ ಬರೆಯುವುದು, ಬಿಡಿಸಿಕೊಳ್ಳದ ಒತ್ತೆಯನ್ನು ಬಹಿರಂಗ ಹರಾಜಿನಲ್ಲಿ ವಿಲೇವಾರಿ ಮಾಡುವುದು ಅವರ ಹೊಣೆ. ಅಂಗಡಿಯೊಳಗೇ ಕುಳಿತು, ಹರಾಜಿಲ್ಲದೆ, ತಮಗೆ ಬೇಕಾದವರಿಗೆ ಮಾರುವುದು ಆ ವ್ಯವಸ್ಥೆಯೊಳಗೆ ಬರುವುದಿಲ್ಲ.

ಇದರ ಹಿಂದೆ ಇನ್ನೂ ಹಳೆಯ ಕಾನೂನಿದೆ. ಭಾರತೀಯ ಕರಾರು ಕಾಯ್ದೆ, 1872ರ 176ನೇ ಕಲಮಿನ ಪ್ರಕಾರ, ಒತ್ತೆ ಇಟ್ಟುಕೊಂಡವನು ಸೂಕ್ತ ನೋಟಿಸು ಕೊಟ್ಟ ಮೇಲೆಯೇ ಒತ್ತೆಯನ್ನು ಮಾರಬಹುದು. ಮಾರಾಟದಿಂದ ಬಂದ ಹಣ ಸಾಲಕ್ಕಿಂತ ಹೆಚ್ಚಾದರೆ ಆ ಹೆಚ್ಚಳವನ್ನು ಇಟ್ಟವನಿಗೆ ಕೊಡಬೇಕು. 177ನೇ ಕಲಮು ಹೇಳುವಂತೆ, ಗಡುವು ಮೀರಿದ್ದರೂ ಮಾರಾಟ ನಿಜವಾಗಿ ನಡೆಯುವ ತನಕ ಬಿಡಿಸಿಕೊಳ್ಳುವ ಹಕ್ಕು ಇಟ್ಟವನಿಗೆ ಇದ್ದೇ ಇರುತ್ತದೆ.

ಹೇಮಾವತಿ ದಂಡೆಯವರೇ, ನೀವು ಕೇಳಬೇಕಾದ ಪ್ರಶ್ನೆ ಒಂದೇ: ಆ ಸರ ಹರಾಜಾಗಿದೆಯೇ? ಆಗಿದ್ದರೆ ಅದರ ದಾಖಲೆ ಇರುತ್ತದೆ. ಇಲ್ಲದಿದ್ದರೆ ಅದು ಇನ್ನೂ ಇಟ್ಟವರ ಒಡವೆ.

ಶಾಲೆಯ ಗಂಟೆ

ನಮ್ಮ ಬಂಧುಗಳ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ದಾಖಲೆಯ ಬೆಲೆ ತಿಳಿಯುತ್ತದೆ. ಅವರು ಇಂಥದೇ ಒಂದು ಅಂಗಡಿಯಿಂದ ಎರಡು ಬಳೆಗಳನ್ನು ಬಿಲ್ಲಿಲ್ಲದೆ ಕೊಂಡಿದ್ದರು. ಕೆಲವು ತಿಂಗಳ ನಂತರ ಪೊಲೀಸರು ಕಳ್ಳತನದ ಆರೋಪಿಯೊಬ್ಬನನ್ನು ಕರೆದುಕೊಂಡು ಆ ಅಂಗಡಿಗೆ ಬಂದರು. ಅಂಗಡಿಯವರು ಇವರ ಮನೆಯನ್ನು ತೋರಿಸಿದರು. ಪಂಚರ ಮುಂದೆ ಮಹಜರು ಬರೆದು, ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗು ಮುದ್ರೆ ಹಾಕಿ ತೆಗೆದುಕೊಂಡು ಹೋದರು. ಆಮೇಲೆ ಅವು ನ್ಯಾಯಾಲಯದ ಮೂಲಕ ನಿಜವಾದ ಮಾಲೀಕರಿಗೆ ಸೇರಿದವು. ಹಣ ಕೊಟ್ಟದ್ದಕ್ಕೆ ಒಂದು ಚೂರು ಕಾಗದವೂ ಇಲ್ಲದ್ದರಿಂದ ಅಂಗಡಿಯವರನ್ನು ಕೇಳಲು ಬಾಯಿಯೇ ಇರಲಿಲ್ಲ.

ಕಪ್ಪು ಕೋಟು

ಶಾಲೆಯ ಗಂಟೆಯವರು ಹೇಳಿದಂಥ ಪ್ರಕರಣಗಳು ಅಪರೂಪವೇನಲ್ಲ. ಸರಕು ಮಾರಾಟ ಕಾಯ್ದೆ, 1930ರ 27ನೇ ಕಲಮಿನ ಸಾರಾಂಶವೆಂದರೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೂ ಬರುವುದಿಲ್ಲ. ಕಳವಿನ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದುಕೊಂಡರೆ ಅದು ಅಪರಾಧ. ಹಿಂದೆ ದಂಡ ಸಂಹಿತೆಯ 411ನೇ ಕಲಮಿನಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿದೆ. ತಿಳಿಯದೆ ಕೊಂಡವರಿಗೆ ಶಿಕ್ಷೆಯಾಗುವುದಿಲ್ಲ. ಆದರೆ ತಿಳಿದಿರಲಿಲ್ಲ ಎಂದು ತೋರಿಸಲು ಬಿಲ್ಲು ಬೇಕು, ಮತ್ತು ಒಡವೆಯಂತೂ ಕೈಬಿಟ್ಟು ಹೋಗುತ್ತದೆ.

ತುಂಗೆಯ ತಡಿ

ಎಲ್ಲ ಗಿರವಿ ಅಂಗಡಿಯವರನ್ನೂ ಕಳ್ಳರ ಜೊತೆಗಾರರೆಂಬಂತೆ ಚಿತ್ರಿಸುವುದನ್ನು ನಾನು ಒಪ್ಪುವುದಿಲ್ಲ. ರಾತ್ರಿ ಹೊತ್ತು ಆಸ್ಪತ್ರೆಯ ಖರ್ಚಿಗೆ ಹಣ ಬೇಕಾದಾಗ ಬಾಗಿಲು ತೆರೆದವರು ಬ್ಯಾಂಕಿನವರಲ್ಲ, ಆ ಸೇಠುಗಳೇ. ಗುರುತಿನ ಚೀಟಿಯ ಪ್ರತಿ ಇಲ್ಲದೆ ಒಡವೆ ಮುಟ್ಟದವರನ್ನೂ ನಾನು ನೋಡಿದ್ದೇನೆ.

ನಗರ್ತಪೇಟೆ

ತುಂಗೆಯ ತಡಿಯವರ ಮಾತಿನಲ್ಲಿ ಸತ್ಯವಿದೆ. ನಾನು ಬೆಂಗಳೂರಿನ ಪೇಟೆಯಲ್ಲಿ ಈ ವ್ಯಾಪಾರದ ಒಡನಾಟದಲ್ಲೇ ಬೆಳೆದವನು. ಪರವಾನಗಿ ಇಟ್ಟುಕೊಂಡು, ಪುಸ್ತಕ ಬರೆದು, ಗಡುವು ಮುಗಿದವರಿಗೆ ಪತ್ರ ಕಳಿಸಿ, ಅಧಿಕೃತ ಹರಾಜುದಾರರ ಮೂಲಕ ಪತ್ರಿಕಾ ಪ್ರಕಟಣೆ ಕೊಟ್ಟು ಹರಾಜು ಮಾಡಿಸುವ ಅಂಗಡಿಗಳು ಬೇಕಾದಷ್ಟಿವೆ. ಅಂಥ ಅಂಗಡಿಯವರು ಗಿರಾಕಿ ಕೇಳಿದ ಕೂಡಲೇ ಪುಸ್ತಕ ತೆರೆದು ತೋರಿಸುತ್ತಾರೆ. ಇದೇ ನೀವು ಮಾಡಬೇಕಾದ ಪರೀಕ್ಷೆ.

ಹರಾಜಿನ ಬಗ್ಗೆ ಕೇಳಿದ್ದೀರಿ, ಅದನ್ನೂ ಹೇಳಿಬಿಡುತ್ತೇನೆ. ಹಣಕಾಸು ಕಂಪನಿಗಳ ಹರಾಜಿಗೆ ಬರುವವರಲ್ಲಿ ಬಹುಪಾಲು ಚಿನ್ನದ ವ್ಯಾಪಾರಿಗಳೇ. ಒಡವೆಗಳನ್ನು ಒಂದೊಂದಾಗಿ ಕೂಗುವುದಕ್ಕಿಂತ ಹಲವು ಸಾಲಗಳ ಒಡವೆಗಳನ್ನು ಗುಂಪಾಗಿ ಕೂಗುವುದೇ ಹೆಚ್ಚು. ನಿಮಗೆ ಬೇಕಾದದ್ದು ಒಂದು ಸರ. ಆದರೆ ಅದರ ಜೊತೆಗೆ ಮುರಿದ ಜುಮುಕಿ, ಹರಿದ ಚೈನು, ಮಕ್ಕಳ ಉಂಗುರ ಎಲ್ಲವನ್ನೂ ತೆಗೆದುಕೊಳ್ಳಬೇಕಾಗುತ್ತದೆ. ಮುಂಗಡ ಠೇವಣಿ ಕಟ್ಟಬೇಕು, ಪ್ಯಾನ್ ಕೊಡಬೇಕು, ಕೂಗಿದ ಮೇಲೆ ಉಳಿದ ಹಣವನ್ನು ಬೇಗ ಕಟ್ಟದಿದ್ದರೆ ಠೇವಣಿ ಹೋಗುತ್ತದೆ. ಒಡವೆಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಳ್ಳಬೇಕು. ಮನೆಗೆ ತಂದ ಮೇಲೆ ಕಲಬೆರಕೆ ಎಂದು ಗೊತ್ತಾದರೆ ಕೇಳುವವರಿಲ್ಲ. ಕರಗಿಸಿ ಮಾರುವ ವ್ಯಾಪಾರಿಗೆ ಇದು ನಡೆಯುತ್ತದೆ. ಮದುವೆಗೆ ಒಂದು ಸರ ಬೇಕಾದವರಿಗೆ ಇದು ಬಹಳ ಹೊರೆಯ ದಾರಿ.

ಎರೆಹೊಲ

ವ್ಯಾಪಾರಿಗಳೇ ತುಂಬಿರುವ ಹರಾಜಿನಲ್ಲಿ ಬೆಲೆ ಏರುವುದಾದರೂ ಹೇಗೆ? ನಮ್ಮ ಕಡೆಯ ಪತ್ತಿನ ಸಹಕಾರ ಸಂಘವೊಂದರ ಹರಾಜಿಗೆ ನಾನು ನೋಡಲೆಂದು ಹೋಗಿದ್ದೆ. ನಾಲ್ಕೈದು ಜನ ಮೊದಲೇ ಮಾತಾಡಿಕೊಂಡು ಬಂದಿದ್ದರು. ಒಬ್ಬರು ಕೂಗಿದರೆ ಇನ್ನೊಬ್ಬರು ಬಾಯಿ ತೆರೆಯುತ್ತಿರಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮಗಳಿಗೆಂದು ಒಂದು ಜೊತೆ ಬಳೆಗೆ ಸವಾಲು ಹಾಕಿದ ಕೂಡಲೇ ಅವರೆಲ್ಲರೂ ಸೇರಿ ಬೆಲೆಯನ್ನು ಏರಿಸಿದರು. ಮೇಷ್ಟ್ರು ಹಿಂದೆ ಸರಿಯಬೇಕಾಯಿತು. ಆದರೆ ಆ ಒಂದು ಜೊತೆ ಬಳೆಗೆ ಮಾತ್ರ ನ್ಯಾಯವಾದ ಬೆಲೆ ಬಂತು. ಸಾಮಾನ್ಯ ಜನ ಹರಾಜಿಗೆ ಹೋಗಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಪ್ಪು ಕೋಟು

ಎರೆಹೊಲ ಅವರು ಎತ್ತಿದ ಅಂಶಕ್ಕೆ ಹೊಸ ನಿರ್ದೇಶನಗಳಲ್ಲಿ ಸ್ವಲ್ಪ ಮಟ್ಟಿನ ಉತ್ತರವಿದೆ. ಸಾಲ ನೀಡುವ ಸಂಸ್ಥೆಗಳಿಗೆ ಅವನ್ನು ಜಾರಿಗೆ ತರಲು ಕೊಟ್ಟ ಗಡುವು 2026ರ ಏಪ್ರಿಲ್ 1. ಹರಾಜಿನ ಕನಿಷ್ಠ ಬೆಲೆ ಒಡವೆಯ ಪ್ರಸಕ್ತ ಮೌಲ್ಯದ ಶೇ 90ಕ್ಕಿಂತ ಕಡಿಮೆ ಇರಬಾರದು. ಎರಡು ಬಾರಿ ಹರಾಜು ವಿಫಲವಾದರೆ ಮಾತ್ರ ಶೇ 85ಕ್ಕೆ ಇಳಿಸಬಹುದು. ಕನಿಷ್ಠ ಎರಡು ಪತ್ರಿಕೆಗಳಲ್ಲಿ, ಅದರಲ್ಲೂ ಒಂದು ಪ್ರಾದೇಶಿಕ ಭಾಷೆಯದ್ದರಲ್ಲಿ, ಪ್ರಕಟಣೆ ಕೊಡಬೇಕು. ಸಾಲ ಕೊಟ್ಟ ಸಂಸ್ಥೆಯಾಗಲಿ ಅದಕ್ಕೆ ಸಂಬಂಧಿಸಿದವರಾಗಲಿ ಹರಾಜಿನಲ್ಲಿ ಕೂಗುವಂತಿಲ್ಲ. ಸಾಲ ಕಳೆದು ಉಳಿದ ಹಣವನ್ನು, ಹರಾಜಿನ ಪೂರ್ತಿ ಹಣ ಬಂದ 7 ಕೆಲಸದ ದಿನಗಳೊಳಗೆ ಸಾಲಗಾರರಿಗೆ ಹಿಂದಿರುಗಿಸಬೇಕು. ನಿಮ್ಮ ತಂದೆಯವರು ಅಲೆದಂತೆ ಇನ್ನು ಮುಂದೆ ಯಾರೂ ಅಲೆಯಬೇಕಾಗಿಲ್ಲ ಎಂಬುದೇ ಇದರ ಉದ್ದೇಶ.

ಕೊಳ್ಳುವವರಿಗೂ ಇದರಲ್ಲಿ ಒಂದು ಸೂಚನೆ ಇದೆ. ಕನಿಷ್ಠ ಬೆಲೆಯೇ ಶೇ 90 ಎಂದ ಮೇಲೆ, ಹರಾಜಿನಲ್ಲಿ ಅರ್ಧ ಬೆಲೆಗೆ ಚಿನ್ನ ಕೊಡಿಸುತ್ತೇವೆ ಎಂದು ಮೊಬೈಲಿಗೆ ಸಂದೇಶ ಕಳಿಸುವವರು ಮೋಸಗಾರರೇ ಸರಿ.

ಜೋಮಾಲೆ

ಕೊನೆಯ ಮಾತು ಬಹಳ ಮುಖ್ಯ. ಅಂಥ ಸಂದೇಶ ನನಗೂ ಬಂದಿದೆ.

ಲೆಕ್ಕದ ಪುಸ್ತಕ

ಹರಾಜಿಗೆ ಹೋಗುವವರು ಕೂಗಿದ ಮೊತ್ತದ ಮೇಲೆ ಜಿಎಸ್‌ಟಿ ಸೇರುತ್ತದೆಯೇ ಎಂಬುದನ್ನು ಷರತ್ತುಗಳ ಹಾಳೆಯಲ್ಲಿ ಮೊದಲೇ ಓದಿಕೊಳ್ಳಬೇಕು. ಹಾಗೆಯೇ, ಹೇಮಾವತಿ ದಂಡೆಯವರು ಹೇಳಿದ ನಗದಿನ ಮಾತಿಗೆ ಯಾರೂ ಉತ್ತರಿಸಿಲ್ಲ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಸಂಖ್ಯೆ ಕೊಡಲೇಬೇಕು. ದಂಡ ಬೀಳುವುದು ಹಣ ಪಡೆದವರಿಗೆ ಎಂಬುದು ನಿಜ, ಆದರೆ ಇಷ್ಟು ದೊಡ್ಡ ಮೊತ್ತವನ್ನು ನಗದಾಗಿ ಕೇಳುವ ಅಂಗಡಿಯವರು ಆ ಮಾರಾಟವನ್ನು ಪುಸ್ತಕದಲ್ಲಿ ತೋರಿಸುವ ಇಚ್ಛೆ ಹೊಂದಿಲ್ಲ ಎಂಬುದಂತೂ ಸ್ಪಷ್ಟ.

ಹೇಮಾವತಿ ದಂಡೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಶುದ್ಧತೆಯನ್ನು ಪರೀಕ್ಷೆ ಮಾಡಿಸುವುದು ಹೇಗೆ ಎಂಬುದನ್ನೂ ತಿಳಿಸಿ. ಆಭರಣದ ಅಂಗಡಿಗಳಲ್ಲಿ ಒಂದು ಪೆಟ್ಟಿಗೆಯಂಥ ಯಂತ್ರದಲ್ಲಿಟ್ಟು ಶೇಕಡಾವಾರು ಹೇಳುತ್ತಾರಲ್ಲ, ಅದು ಸಾಕೇ? ಸರದ ಕೊಕ್ಕೆಯ ಮೇಲೆ ಏನೋ ಸಣ್ಣ ಮುದ್ರೆಗಳಿವೆ.

ಪತ್ತಾರ ಕೇರಿ

ಆ ಯಂತ್ರ ಎಕ್ಸ್-ರೇ ಹಾಯಿಸಿ ನೋಡುವುದು ಮೇಲ್ಮೈಯನ್ನು ಮಾತ್ರ. ಮೇಲೆ ದಪ್ಪ ಲೇಪನವಿದ್ದರೆ ಒಳಗಿನದು ಅದಕ್ಕೆ ಕಾಣುವುದಿಲ್ಲ. ಕಾಸಿನ ಸರವಾದರೆ ಒಂದೇ ಕಾಸನ್ನು ಇಟ್ಟು ನೋಡಿ ತೃಪ್ತಿಪಡಬೇಡಿ. ಮೂರು ನಾಲ್ಕು ಕಾಸು, ಕೊಂಡಿ, ಕೊಕ್ಕೆ ಇವುಗಳನ್ನು ಬೇರೆ ಬೇರೆಯಾಗಿ ನೋಡಲು ಹೇಳಿ. ಅಂಕಿಗಳಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಬೇರೆ ಬೇರೆ ಸರದ ತುಂಡುಗಳನ್ನು ಸೇರಿಸಿ ಕಟ್ಟಿದ್ದಾರೆ ಎಂದು ತಿಳಿಯಬಹುದು. ಖಚಿತವಾದ ಫಲಿತಾಂಶ ಬರುವುದು ಸ್ವಲ್ಪ ಚಿನ್ನವನ್ನು ಕೆರೆದು ಬೆಂಕಿಯಲ್ಲಿ ಶೋಧಿಸುವ ವಿಧಾನದಲ್ಲಿ. ಆದರೆ ಮಾಲು ಇನ್ನೂ ನಿಮ್ಮದಾಗದಿರುವಾಗ ಅದಕ್ಕೆ ಮಾರುವವರ ಒಪ್ಪಿಗೆ ಬೇಕು.

ಗಟ್ಟಿ ಬಳೆಯಾದರೆ ಇನ್ನೊಂದು ಉಪಾಯವಿದೆ. ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿ ಸಾಂದ್ರತೆಯನ್ನು ಲೆಕ್ಕ ಹಾಕಿದರೆ, 22 ಕ್ಯಾರಟ್ ಚಿನ್ನಕ್ಕೆ ಘನ ಸೆಂಟಿಮೀಟರಿಗೆ 17.5ರಿಂದ 18 ಗ್ರಾಂ ನಡುವೆ ಬರಬೇಕು. ಬಹಳ ಕಡಿಮೆ ಬಂದರೆ ಒಳಗೆ ಅರಗೋ ತಾಮ್ರವೋ ಇದೆ ಎಂದರ್ಥ.

ನಗರ್ತಪೇಟೆ

ಮುದ್ರೆಗಳ ವಿಷಯ ನಾನು ಹೇಳುತ್ತೇನೆ. ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಅಧಿಕೃತ ಮುದ್ರೆ, ಕಡ್ಡಾಯವಾದದ್ದು 2021ರ ಜೂನ್‌ನಿಂದ. ಮುಂದೆ ಇನ್ನಷ್ಟು ಜಿಲ್ಲೆಗಳು ಸೇರಿದವು. 2021ರ ಜುಲೈನಿಂದ ಪ್ರತಿಯೊಂದು ಒಡವೆಗೂ ಅಕ್ಷರ ಮತ್ತು ಅಂಕಿಗಳು ಬೆರೆತ 6 ಸ್ಥಾನಗಳ ಗುರುತು, ಅಂದರೆ ಎಚ್‌ಯುಐಡಿ, ಬಂತು. ಅದಕ್ಕಿಂತ ಹಳೆಯ ಹಾಲ್‌ಮಾರ್ಕ್ ಆಗಿದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲಾಂಛನ, 916ರಂಥ (ಸಾವಿರಕ್ಕೆ 916 ಪಾಲು ಚಿನ್ನ, ಅಂದರೆ 22 ಕ್ಯಾರಟ್) ಶುದ್ಧತೆಯ ಅಂಕಿ, ಪರೀಕ್ಷಾ ಕೇಂದ್ರದ ಗುರುತು, ಆಭರಣ ವ್ಯಾಪಾರಿಯ ಗುರುತು ಹೀಗೆ ನಾಲ್ಕು ಮುದ್ರೆಗಳಿರುತ್ತವೆ. ಬರೀ 916 ಎಂದೋ ಕೆಡಿಎಂ ಎಂದೋ ಕೊರೆದಿದ್ದರೆ ಅದು ಹಾಲ್‌ಮಾರ್ಕ್ ಅಲ್ಲ.

ಎಚ್‌ಯುಐಡಿ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಶುದ್ಧತೆಯನ್ನು ಮಾತ್ರ ನೋಡಿ ಸುಮ್ಮನಾಗಬೇಡಿ, ಒಡವೆಯ ಬಗೆಯನ್ನೂ ನೋಡಿ. ಕೈಯಲ್ಲಿರುವುದು ಬಳೆ, ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಆ ಗುರುತು ಬೇರೆ ಕಡೆಯಿಂದ ಎತ್ತಿದ್ದು. ಮುದ್ರೆಯೇ ಇಲ್ಲದ ಹಳೆಯ ಒಡವೆಯನ್ನು ಸಾರ್ವಜನಿಕರು ಬಿಐಎಸ್ ಮಾನ್ಯತೆಯ ಕೇಂದ್ರಕ್ಕೆ ನೇರವಾಗಿ ಒಯ್ದು ಪರೀಕ್ಷೆ ಮಾಡಿಸಬಹುದು; 4 ಒಡವೆಗಳವರೆಗೆ 200 ರೂಪಾಯಿ ಶುಲ್ಕವನ್ನು ನಿಗದಿ ಮಾಡಿದ್ದಾರೆ. ಲಕ್ಷಗಟ್ಟಲೆ ಕೊಡುವ ಮುಂಚೆ ಈ 200 ರೂಪಾಯಿ ಖರ್ಚು ಮಾಡಲು ಹಿಂಜರಿಯಬೇಡಿ. ಸೇಠುವನ್ನೂ ಜೊತೆಗೇ ಕರೆದುಕೊಂಡು ಹೋಗಿ.

ಮಲ್ಲಿಗೆ ಹಂಬು

ಇಷ್ಟೆಲ್ಲ ಪರೀಕ್ಷೆ ಮಾಡಿಸಿ, ಪುಸ್ತಕ ನೋಡಿ, ವಕೀಲರನ್ನು ಕೇಳಿ ಕೊಳ್ಳುವುದಕ್ಕಿಂತ, 32 ಗ್ರಾಂ ಬದಲು 26 ಗ್ರಾಂನ ಹೊಸ ಸರವನ್ನೇ ಕೊಡಿಸಬಾರದೇ? ತಂಗಿಯ ಹೆಸರಿನಲ್ಲಿ ಬಿಲ್ಲು ಇರುತ್ತದೆ. ಮುಂದೆ ಅವಳಿಗೇ ಕಷ್ಟ ಬಂದರೆ ಯಾವ ಬ್ಯಾಂಕಿನಲ್ಲೂ ತಲೆಯೆತ್ತಿ ಇಡಬಹುದು.

ಲೆಕ್ಕದ ಪುಸ್ತಕ

ಮಲ್ಲಿಗೆ ಹಂಬು ಅವರ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಸರದ ಬೆಲೆಯಾದ 3,20,000ಕ್ಕೆ, ನಾನು ಮೇಲೆ ಹಾಕಿದ ಲೆಕ್ಕದಲ್ಲೇ, ಮಜೂರಿ ಮತ್ತು ತೆರಿಗೆ ಸೇರಿ ಸುಮಾರು 27.7 ಗ್ರಾಂ ಹೊಸ ಚಿನ್ನ ಬರುತ್ತದೆ. 20 ಕ್ಯಾರಟ್‌ನ 32 ಗ್ರಾಂನಲ್ಲಿ ಇರುವುದು 22 ಕ್ಯಾರಟ್‌ನ 29 ಗ್ರಾಂಗೆ ಸಮನಾದ ಚಿನ್ನ. ಅಂದರೆ ಹಳೆಯ ಸರ ಎರಡು ಕ್ಯಾರಟ್ ಕಡಿಮೆ ಇದ್ದರೆ ನಿಮಗೆ ಸಿಗುವ ಲಾಭ ಒಂದೂಕಾಲು ಗ್ರಾಂನಷ್ಟು ಮಾತ್ರ. ಅಷ್ಟಕ್ಕೆ ಈ ಅಪಾಯವನ್ನೆಲ್ಲ ಮೈಮೇಲೆ ಎಳೆದುಕೊಳ್ಳಬೇಕೇ ಎಂಬುದನ್ನು ನೀವೇ ತೂಗಿ ನೋಡಿ.

ತುಂಗೆಯ ತಡಿ

22 ಕ್ಯಾರಟ್ ಇದ್ದರೆ ನಾಲ್ಕು ಗ್ರಾಂಗಿಂತ ಹೆಚ್ಚು ಲಾಭವಿದೆ ಎಂಬುದನ್ನೂ ಹೇಳಿ. ಬಡವರ ಮನೆಯ ಮದುವೆಯಲ್ಲಿ ನಾಲ್ಕು ಗ್ರಾಂ ಎಂದರೆ ಇನ್ನೊಂದು ಜೊತೆ ಓಲೆ. ಹಾಗೆ ಹಾಗೇ ತಳ್ಳಿಹಾಕುವ ಮೊತ್ತವಲ್ಲ ಅದು.

ಎರೆಹೊಲ

ಆ ನಾಲ್ಕು ಗ್ರಾಂ ಯಾರದು ಎಂಬುದನ್ನೂ ಕೇಳಬೇಕಲ್ಲವೇ? ಸೇಠು ಕೊಟ್ಟ ಸಾಲಕ್ಕೂ ನಿಮ್ಮಿಂದ ಪಡೆಯುವ ಹಣಕ್ಕೂ ನಡುವೆ ದೊಡ್ಡ ಅಂತರವಿರುತ್ತದೆ. ಕಾನೂನಿನ ಪ್ರಕಾರ, ಬಡ್ಡಿ ಕಳೆದು, ಅದು ಆ ಸರ ಇಟ್ಟವರಿಗೆ ಹೋಗಬೇಕು. ಮಜೂರಿ ಇಲ್ಲದೆ ಕೊಡುವುದು ಅಂಗಡಿಯವರಿಗೆ ಸುಲಭವಾಗುವುದು ಆ ಅಂತರ ತಮ್ಮಲ್ಲೇ ಉಳಿಯುವುದರಿಂದ.

ತುಂಗೆಯ ತಡಿ

ಈ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ಹರಾಜಾದ ಒಡವೆಯನ್ನು ಬಿಲ್ಲಿನೊಂದಿಗೆ ಮಾರುವ ಅಂಗಡಿಯಾದರೆ ಕೊಳ್ಳಬಹುದು ಎಂಬ ಮಾತಿಗೆ ನಾನು ಈಗಲೂ ಬದ್ಧ.

ಎರೆಹೊಲ

ಅದಕ್ಕೆ ನನ್ನದೂ ತಕರಾರಿಲ್ಲ.

ಹೇಮಾವತಿ ದಂಡೆ

ನಿನ್ನೆ ಅಪ್ಪನ ಜೊತೆ ಅಂಗಡಿಗೆ ಹೋಗಿ ಬಂದೆ. ಹರಾಜಿನ ದಾಖಲೆ ಇದೆಯೇ ಎಂದು ಮರ್ಯಾದೆಯಿಂದಲೇ ಕೇಳಿದೆ. ಹರಾಜು ಇನ್ನೂ ಆಗಿಲ್ಲ, ಇಟ್ಟವರು ಹೇಗಿದ್ದರೂ ಬರುವುದಿಲ್ಲ ಎಂದರು. ಪರೀಕ್ಷಾ ಕೇಂದ್ರಕ್ಕೆ ಬರಲು ಸಿದ್ಧರಿದ್ದರು, ಆದರೆ ಬಿಲ್ಲು ಕೊಡಲು ಒಪ್ಪಲಿಲ್ಲ. ಸರವನ್ನು ಬಿಟ್ಟುಬಿಡೋಣ ಎಂದು ಅಪ್ಪನೇ ಹೇಳಿದರು. ಹೊಸ ಸರವನ್ನು ಕಡಿಮೆ ತೂಕದಲ್ಲಿ ಮಾಡಿಸುತ್ತೇವೆ.

ಬಳೆಗೆ ಬೇರೊಂದು ದಾರಿ ಸಿಕ್ಕಿದೆ. ಗಿರಾಕಿಗಳಿಂದ ಹಳೆಯ ಒಡವೆಗಳನ್ನು ಕೊಂಡು, ಪಾಲಿಶ್ ಮಾಡಿಸಿ, ಹಾಲ್‌ಮಾರ್ಕ್ ಹಾಕಿಸಿ, ಬಿಲ್ಲಿನೊಂದಿಗೆ ಮಾರುವ ಆಭರಣದ ಅಂಗಡಿಯೊಂದು ಜಿಲ್ಲಾ ಕೇಂದ್ರದಲ್ಲಿದೆ. ಗಟ್ಟಿ ಬಳೆಗಳು, ಎಚ್‌ಯುಐಡಿ ಇದೆ, ಆ್ಯಪ್‌ನಲ್ಲಿ ಬಳೆ ಎಂದೇ ತೋರಿಸುತ್ತದೆ. ಮಜೂರಿ ತೆಗೆದುಕೊಳ್ಳುವುದಿಲ್ಲ, ದರದ ಮೇಲೆ ಸ್ವಲ್ಪ ಹೆಚ್ಚು ಹಾಕುತ್ತಾರೆ. ಲೆಕ್ಕದ ಪುಸ್ತಕದವರೇ, ಜಿಎಸ್‌ಟಿ ಪೂರ್ತಿ ಬೆಲೆಯ ಮೇಲೆ ಬರುವುದಿಲ್ಲ, ಲಾಭದ ಮೇಲೆ ಮಾತ್ರ ಎಂದು ಅವರು ಹೇಳಿದರು. ಇದು ಸರಿಯೇ?

ಲೆಕ್ಕದ ಪುಸ್ತಕ

ಸಾಧ್ಯವಿದೆ. ಹಳೆಯ ಸರಕನ್ನು ಅದರ ಸ್ವರೂಪ ಬದಲಿಸದೆ ಮಾರುವವರು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ಜಿಎಸ್‌ಟಿ ನಿಯಮಗಳಲ್ಲಿದೆ. ಆ ಸರಕಿನ ಖರೀದಿಗೆ ಅವರು ಹೂಡುವಳಿ ತೆರಿಗೆಯ ಜಮೆಯನ್ನು, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಸೌಲಭ್ಯವನ್ನು, ಪಡೆದಿರಬಾರದು. ಜನರಿಂದ ಕೊಂಡ ಹಳೆಯ ಒಡವೆಯನ್ನು ಕರಗಿಸದೆ, ಶುಚಿಗೊಳಿಸಿ ಪಾಲಿಶ್ ಮಾಡಿ ಮಾರುವುದಕ್ಕೂ ಇದು ಅನ್ವಯಿಸುತ್ತದೆ ಎಂದು 2021ರಲ್ಲಿ, ತೆರಿಗೆಯ ಪ್ರಶ್ನೆಗಳಿಗೆ ಮೊದಲೇ ತೀರ್ಪು ಕೊಡುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿದೆ. ಅಂಥ ತೀರ್ಪು ಅರ್ಜಿ ಹಾಕಿದವರ ಮಟ್ಟಿಗೆ ಮಾತ್ರ ಕಟ್ಟುನಿಟ್ಟಾಗಿ ಅನ್ವಯವಾಗುತ್ತದೆಯಾದರೂ, ನಿಯಮ ಎಲ್ಲರಿಗೂ ಒಂದೇ.

ನೀವು ನೋಡಿಕೊಳ್ಳಬೇಕಾದದ್ದು ಬಿಲ್ಲಿನಲ್ಲಿ ಏನು ಬರೆದಿದ್ದಾರೆ ಎಂಬುದನ್ನು. ಹಳೆಯ ಒಡವೆ ಎಂದು ಸ್ಪಷ್ಟವಾಗಿ ನಮೂದಿಸಿರಲಿ. ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ಎರಡು ಬಳೆಗಳ ಎಚ್‌ಯುಐಡಿ ಸಂಖ್ಯೆಗಳು ಬೇರೆ ಬೇರೆಯಾಗಿರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಬಿಲ್ಲನ್ನು ತಂಗಿಯ ಹೆಸರಿಗೇ ಮಾಡಿಸಿ.